ಪಡಿತರ ಕಿತ್ತುಕೊಂಡು ಪ್ರಾಣ ಉಳಿಸುವುದೆ?

ಲಸಿಕೆ ಹಾಕಿಸಿಕೊಳ್ಳದವರಿಗೆ ಪಡಿತರವಿಲ್ಲ, ಪಿಂಚಣಿಯೂ ಇಲ್ಲ! 2021ರ ಆಗಸ್ಟ್ ಮುಗಿದು ಸೆಪ್ಟೆಂಬರ್ ಹುಟ್ಟುವ ಹೊತ್ತಿಗೆ ನಮ್ಮ ಚಾಮರಾಜನಗರ ಜಿಲ್ಲೆಯ ಆಡಳಿತ ಸಾರಿದ ಘೋಷಣೆ ಇದು. ಬಿ.ಪಿ.ಎಲ್. ಮತ್ತು ಅಂತ್ಯೋದಯ ಕಾರ್ಡಿನ ಬಡವರನ್ನು, ತಿಂಗಳ ಪಿಂಚಣಿ ನಂಬಿ ಬದುಕುವ ಮುದುಕರನ್ನು, ವಿಧವೆಯರನ್ನು ಉದ್ದೇಶಿಸಿ ಆಡಿದ ಮಾತು ಇದು. ಬಂಗಲೆಯಲ್ಲಿರುವವನಿಗೆ ಲಸಿಕೆ ಬೇಡವಾಗಿದ್ದರೆ ಅವನಿಂದ ಕಿತ್ತುಕೊಳ್ಳಲು ಜಿಲ್ಲಾಡಳಿತದ ಕೈಯಲ್ಲಿ ಏನಿತ್ತು? ಏನೂ ಇರಲಿಲ್ಲ. ಬಡವನ ಅಕ್ಕಿಚೀಲ ಮಾತ್ರ ಕೈಗೆ ಎಟಕುವಷ್ಟು ಹತ್ತಿರದಲ್ಲಿತ್ತು.

ಕೊರೋನಾ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದೇ ಸಾರಿದೆ, ಹಳೆಯ ಹುಣ್ಣನ್ನು ಈಗೇಕೆ ಕೆರೆಯುತ್ತೀರಿ ಎಂದು ಕೇಳುವವರುಂಟು. ಕಾಯಿಲೆ ಇಳಿಯಿತು, ನಿಜ. ಆ ಘೋಷಣೆಯ ಹಿಂದಿದ್ದ ಬುದ್ಧಿ ಇಳಿದಿಲ್ಲ. ಹಳ್ಳಿಯ ಮುದುಕರು ಮೂಢರು, ಅವರಿಗೆ ತಿಳಿಯಹೇಳಿ ಫಲವಿಲ್ಲ, ಹೊಟ್ಟೆಗೆ ಹೊಡೆದರೆ ಮಾತ್ರ ದಾರಿಗೆ ಬರುತ್ತಾರೆ ಎಂಬ ಬುದ್ಧಿ ಅದು. ಮುಂದಿನ ಸಾಂಕ್ರಾಮಿಕ ಯಾವಾಗ ಬರುವುದೋ ಯಾರೂ ಬಲ್ಲವರಿಲ್ಲ. ಬಂದಾಗ ಈ ಬುದ್ಧಿ ಮೊದಲು ಕಚೇರಿಯ ಕುರ್ಚಿಯಿಂದ ಏಳುತ್ತದೆ, ಲಸಿಕೆ ಆಮೇಲೆ ಬರುತ್ತದೆ. ಆದ್ದರಿಂದ ಲೆಕ್ಕ ಚುಕ್ತಾ ಮಾಡಬೇಕಾದದ್ದು ಈಗಲೇ.

ನಾವು ಹೇಳುವುದು ಒಂದೇ ಮಾತು. ಲಸಿಕೆ ಬೇಕು, ವೃದ್ಧರಿಗೆ ಎಲ್ಲರಿಗಿಂತ ಮೊದಲು ಬೇಕು. ಆದರೆ ಮುದುಕರು ಲಸಿಕೆಯನ್ನು ಹುಡುಕಿಕೊಂಡು ಅಲೆಯಬಾರದು. ಲಸಿಕೆಯೇ ಅವರ ಬಾಗಿಲಿಗೆ, ಕಾಪಾಡುವ ವ್ಯವಸ್ಥೆಯನ್ನು ಜೊತೆಗೆ ಕರೆದುಕೊಂಡು ಬರಬೇಕು. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಹಾಗೆ ಬಾರದೆ ಹೋದದ್ದಕ್ಕೆ ಸರ್ಕಾರ ಹೊಣೆ. ಅದಕ್ಕೆ ದಂಡ ತೆರಬೇಕಾದವರು ಮುದುಕರಲ್ಲ.

ತೋಳಿನ ಮೇಲಿನ ಗುರುತು

ನಮ್ಮ ಹಳ್ಳಿಗಳ ಎಪ್ಪತ್ತು ದಾಟಿದ ಯಾವ ಅಜ್ಜಿಯ ತೋಳನ್ನಾದರೂ ನೋಡಿ. ಸಿಡುಬಿನ ಚುಚ್ಚುಮದ್ದಿನ ದುಂಡನೆಯ ಗುರುತು ಅಲ್ಲಿ ಇನ್ನೂ ಇರುತ್ತದೆ. ಮೈಲಿ ಹಾಕುವವರು ಊರೂರು ತಿರುಗಿ, ಕೇರಿಕೇರಿ ಹೊಕ್ಕು, ಜಗಲಿಯ ಮೇಲೆ ಕೂತು ಹಾಕಿ ಹೋದ ಗುರುತು ಅದು. ಆ ಅಜ್ಜಿಯರ ಬಾಲ್ಯದಲ್ಲಿ ಕೊಳ್ಳೇಗಾಲ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಎರಡೂ ಒಂದು ರಾಜ್ಯವಾದವು. ಗಡಿಯ ಆಚೆಗೂ ಈಚೆಗೂ ಸೂಜಿ ಮನೆಗೆ ಬಂದಿತ್ತು, ಜನ ತೋಳು ಕೊಟ್ಟಿದ್ದರು. ಮನೆಮನೆ ಹುಡುಕಿ, ಕಾಯಿಲೆ ಕಂಡ ಮನೆಯ ಸುತ್ತಲಿನವರಿಗೆಲ್ಲ ಚುಚ್ಚಿ, 1975ರಲ್ಲಿ ಸಿಡುಬನ್ನು ಈ ದೇಶದಿಂದ ಓಡಿಸಿದರು. ಆ ಕಾಲಕ್ಕೆ ಮೊಬೈಲ್ ಇರಲಿಲ್ಲ, ಪೋರ್ಟಲ್ ಇರಲಿಲ್ಲ, ಒಳ್ಳೆಯ ರಸ್ತೆಯೂ ಇರಲಿಲ್ಲ.

ಇಂಥ ಗುರುತು ಹೊತ್ತ ತೋಳಿನವರನ್ನೇ 2021ರಲ್ಲಿ ಲಸಿಕೆಗೆ ಹೆದರುವ ಅಜ್ಞಾನಿಗಳೆಂದು ಕರೆದರು. ಹಾಗಾದರೆ ಆಗ ತೋಳು ಕೊಟ್ಟವರು ಈಗೇಕೆ ಕೈ ಹಿಂದಕ್ಕೆ ಎಳೆದುಕೊಂಡರು? ಕಾರಣ ಹುಡುಕುವ ಕಷ್ಟವನ್ನು ಕಚೇರಿ ತೆಗೆದುಕೊಳ್ಳಲಿಲ್ಲ. ನಾವು ಹೇಳುತ್ತೇವೆ, ಕೇಳಿ.

ಹೆದರಿಕೆ ಸೂಜಿಯದಲ್ಲ

2018ರ ಡಿಸೆಂಬರ್ 14ರಂದು ಹನೂರು ಕಡೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದಕ್ಕೆ ವಿಷ ಬೆರೆಸಿದ ಘೋರ ಕೃತ್ಯ ನಡೆಯಿತು. ಹದಿನೇಳು ಜನ ಸತ್ತರು, ನೂರಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ಅವರನ್ನು ಉಳಿಸಿಕೊಳ್ಳುವ ಆಸ್ಪತ್ರೆ ಹತ್ತಿರದಲ್ಲಿ ಎಲ್ಲಿತ್ತು? ಮೈಸೂರಿಗೆ ಹೊತ್ತುಕೊಂಡು ಓಡಬೇಕಾಯಿತು. ಮೈಯೊಳಗೆ ಏನಾದರೂ ಎಡವಟ್ಟಾದರೆ ಗತಿ ಮೈಸೂರೇ ಎಂಬ ಪಾಠವನ್ನು ಈ ಸೀಮೆಯ ಜನ ಅಂದು ಕಲಿತರು.

ಎರಡೂವರೆ ವರ್ಷ ಕಳೆಯುವುದರೊಳಗೆ ಎರಡನೆಯ ಪಾಠವಾಯಿತು. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಒಂದೇ ದಿನದಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂದು ಸರ್ಕಾರ ಮೊದಲು ವಾದಿಸಿತು. ಹೈಕೋರ್ಟ್ ನೇಮಿಸಿದ ಸಮಿತಿ ಆ ವಾದವನ್ನು ಒಪ್ಪಲಿಲ್ಲ, ಸಾವುಗಳಿಗೆ ಆಮ್ಲಜನಕದ ಕೊರತೆಯೇ ಕಾರಣವೆಂದಿತು. ಜಿಲ್ಲೆಯ ಅತಿ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಉಸಿರಿಗೆ ಗಾಳಿಯಿಲ್ಲ ಎಂಬ ಸುದ್ದಿ ಬೆಟ್ಟದ ಕೊನೆಯ ಪೋಡಿಗೂ ತಲುಪಿತು.

ಇದಾದ ನಾಲ್ಕು ತಿಂಗಳಿಗೆ ಅದೇ ಜಿಲ್ಲೆಯಲ್ಲಿ ಲಸಿಕೆಗೆ ಬನ್ನಿ, ಇಲ್ಲವಾದರೆ ಅಕ್ಕಿ ಇಲ್ಲ ಎಂದರು! ಲಸಿಕೆ ಹಾಕಿಸಿಕೊಂಡ ಮೇಲೆ ಜ್ವರ ಬಂದರೆ, ಎದೆ ಹಿಡಿದರೆ ನಮ್ಮನ್ನು ನೋಡಿಕೊಳ್ಳುವವರು ಯಾರು ಎಂದು ಮುದುಕಿ ಕೇಳಿದರೆ ಅದು ಮೂಢನಂಬಿಕೆಯೆ? ಅದು ಅನುಭವ. ಆಕೆ ಹೆದರಿದ್ದು ಸೂಜಿಗಲ್ಲ, ಸೂಜಿ ಚುಚ್ಚಿದವರು ಹೊರಟುಹೋದ ಮೇಲೆ ತನಗೆ ಯಾರೂ ಇಲ್ಲವಲ್ಲ ಎಂಬುದಕ್ಕೆ.

ದಾರಿಯ ಮಾತೂ ಇದೆ. ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರ್. ಬೆಟ್ಟದ ಸುತ್ತಲಿನ ಕಾಡೂರುಗಳಲ್ಲಿ ಎಷ್ಟೋ ಕಡೆ ಬಸ್ಸಿನ ಮಾತಿರಲಿ, ಗಾಡಿ ಓಡುವ ದಾರಿಯೂ ಇರಲಿಲ್ಲ. ದೊಡ್ಡಾಣೆಯಂಥ ಊರಿನಿಂದ ಹೆರಿಗೆ ಹೆಂಗಸನ್ನು ಡೋಲಿ ಕಟ್ಟಿ ಕಾಡಿನಲ್ಲಿ ಹೊತ್ತು ತಂದ ಸುದ್ದಿ 2022ರಲ್ಲೂ ಪತ್ರಿಕೆಗಳಲ್ಲಿ ಬಂದಿತು. ಅರವತ್ತು ದಾಟಿದವರಿಗೆ ಲಸಿಕೆ ಆರಂಭವಾದದ್ದು 2021ರ ಮಾರ್ಚ್ 1ರಂದು. ಏಪ್ರಿಲ್ 7ರಿಂದ 21ರವರೆಗೆ ಸಾರಿಗೆ ನೌಕರರನ್ನು ಸರ್ಕಾರದ ಹಟ ಮುಷ್ಕರಕ್ಕೆ ದೂಡಿತ್ತು, ಬಸ್ಸುಗಳಿರಲಿಲ್ಲ. 27ರ ಸಂಜೆಯಿಂದ ರಾಜ್ಯವನ್ನೇ ಮುಚ್ಚಿದರು. ಮೇ ತಿಂಗಳಲ್ಲಿ ಲಸಿಕೆಗೇ ಬರ ಬಂದಿತು. ಮೊದಲ ಮತ್ತು ಎರಡನೆಯ ಚುಚ್ಚುಮದ್ದಿನ ನಡುವಿನ ಅಂತರವನ್ನು ನಾಲ್ಕರಿಂದ ಆರು ವಾರ ಎಂದವರು ಮಾರ್ಚಿನಲ್ಲಿ ಆರರಿಂದ ಎಂಟು ಎಂದರು, ಮೇ 13ರಂದು ಹನ್ನೆರಡರಿಂದ ಹದಿನಾರು ಎಂದರು. ಅಂತರ ಹೆಚ್ಚಿಸಲು ವೈದ್ಯಶಾಸ್ತ್ರದ ಕಾರಣಗಳಿದ್ದವು, ಒಪ್ಪೋಣ. ಆದರೆ ಅದನ್ನು ಹಟ್ಟಿಯ ಅಜ್ಜನಿಗೆ ಕೂತು ವಿವರಿಸಿದವರು ಯಾರು? ದಿನ ಬದಲಾಯಿತು, ಹೋಗಿ ಎಂದರು. ಒಂದು ಸಲ ಬರಿಗೈಯಲ್ಲಿ ಹಿಂತಿರುಗಿದ ಮುದುಕ ಎರಡನೆಯ ಸಲ ಹೊರಡುವುದು ಸುಲಭವಲ್ಲ.

ಒಂದೇ ಸೀಸೆ, ಮೂರು ಬೆಲೆ

ನಲವತ್ತೈದು ದಾಟಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿಯಾಗಿಯೇ ಹಾಕಿದೆವಲ್ಲ ಎಂದು ಆಳುವವರು ಹೇಳಬಹುದು. ನಿಜ. ಆದರೆ ಮುದುಕಿಗೆ ಕಾಯಿಲೆ ತರುವವರು ಯಾರು? ಆಕೆ ಮನೆ ಬಿಟ್ಟು ಹೊರಡುವವಳಲ್ಲ. ಅಕ್ಕಿ ಗಿರಣಿಗೆ ಹೋಗಿ ಬರುವ ಮಗ, ರೇಷ್ಮೆ ಹುರಿ ಕಾರ್ಖಾನೆಗೆ ಹೋಗುವ ಸೊಸೆ, ಅಂಗಡಿಯ ಗಲ್ಲಾದ ಮುಂದೆ ದಿನಕ್ಕೆ ನೂರು ಮುಖ ನೋಡುವ ಮೊಮ್ಮಗ, ಇವರು ತರುತ್ತಾರೆ. ಮುದುಕಿಯನ್ನು ಉಳಿಸಬೇಕಾದರೆ ಇವರಿಗೂ ಲಸಿಕೆ ಬೇಕಷ್ಟೆ? ಅವರನ್ನು ಕೇಂದ್ರ ಸರ್ಕಾರ 2021ರ ಮೇ 1ರಿಂದ ಸಂತೆಗೆ ದೂಡಿತು.

ಸಂತೆಯ ದರ ಕೇಳಿ. ಕೋವಿಶೀಲ್ಡ್ ಲಸಿಕೆ ಕೇಂದ್ರಕ್ಕೆ 150 ರೂಪಾಯಿ, ರಾಜ್ಯಗಳಿಗೆ ಮೊದಲು 400, ಕೂಗೆದ್ದ ಮೇಲೆ 300, ಖಾಸಗಿ ಆಸ್ಪತ್ರೆಗೆ 600. ಕೋವ್ಯಾಕ್ಸಿನ್ ಕೇಂದ್ರಕ್ಕೆ 150, ರಾಜ್ಯಗಳಿಗೆ ಮೊದಲು 600, ಆಮೇಲೆ 400, ಖಾಸಗಿಗೆ 1,200. ಸೀಸೆಯೂ ಒಂದೇ, ಔಷಧವೂ ಒಂದೇ, ಬೆಲೆ ಮಾತ್ರ ಮೂರು! ನಮ್ಮ ಕೊಳ್ಳೇಗಾಲದ ಚಿಲ್ಲರೆ ಅಂಗಡಿಯವನು ಒಂದೇ ಮೂಟೆಯ ಬೇಳೆಯನ್ನು ಮೂವರಿಗೆ ಮೂರು ದರದಲ್ಲಿ ಮಾರಿದರೆ ತೂಕದ ಅಧಿಕಾರಿ, ತೆರಿಗೆ ಅಧಿಕಾರಿ, ಊರಿನ ಜನ ಎಲ್ಲರೂ ಅವನ ಕುತ್ತಿಗೆ ಹಿಡಿಯುತ್ತಾರೆ. ಜೂನ್ ತಿಂಗಳಲ್ಲಿ ಖಾಸಗಿ ಆಸ್ಪತ್ರೆಗಳ ದರಕ್ಕೆ ಮಿತಿ ಹಾಕಿದೆವೆಂದರು; ಆ ಮಿತಿಯೂ ಕೋವಿಶೀಲ್ಡಿಗೆ 780, ಕೋವ್ಯಾಕ್ಸಿನ್‌ಗೆ 1,410. ದಿನಗೂಲಿಯವನ ಮನೆಯಲ್ಲಿ ದುಡಿಯುವವರು ನಾಲ್ವರಿದ್ದರೆ, ತಲೆಗೆ ಎರಡು ಚುಚ್ಚಿನಂತೆ ಲೆಕ್ಕ ಹಾಕಿನೋಡಿ. ಅಗ್ಗದ್ದಕ್ಕೇ 6,240 ರೂಪಾಯಿ.

ಕಾರ್ಖಾನೆಯ ಮಾಲು ಉತ್ಪಾದನೆಯ ವೆಚ್ಚದ ಒಂದೂವರೆ ಪಟ್ಟಿಗಿಂತ ಹೆಚ್ಚಿನ ಬೆಲೆಗೆ ಮಾರಾಟವಾಗಬಾರದೆಂದು ಡಾ. ರಾಮಮನೋಹರ ಲೋಹಿಯಾ ಅವರು ಜೀವಮಾನವೆಲ್ಲ ವಾದಿಸಿದರು. ಹುಚ್ಚು ವಾದವೆಂದು ಪಂಡಿತರು ನಕ್ಕರು. ಕೇಂದ್ರಕ್ಕೆ 150ಕ್ಕೆ ಕೊಟ್ಟೂ ಕೈಸುಡದ ಮಾಲನ್ನು ಆಸ್ಪತ್ರೆಗೆ 1,200ಕ್ಕೆ ಮಾರಿದ್ದನ್ನು ಕಂಡ ಮೇಲೆ ನಗುವವರು ಯಾರು, ಹೇಳಲಿ. ಆ ನೀತಿ ಮೇಲ್ನೋಟಕ್ಕೇ ಮನಬಂದಂತಿದೆ, ವಿವೇಕಕ್ಕೆ ಹೊಂದುವುದಿಲ್ಲ ಎಂಬ ಅಭಿಪ್ರಾಯವನ್ನು ಸುಪ್ರೀಂ ಕೋರ್ಟೇ ತಿಳಿಸಿತು. ಆಮೇಲಷ್ಟೇ, ಜೂನ್ 21ರಿಂದ, ಹದಿನೆಂಟು ದಾಟಿದ ಎಲ್ಲರಿಗೂ ಸರ್ಕಾರಿ ಕೇಂದ್ರಗಳಲ್ಲಿ ಬಿಟ್ಟಿ ಲಸಿಕೆ ಬಂದಿತು. ಅಷ್ಟರಲ್ಲಿ ಎರಡನೆಯ ಅಲೆ ತನ್ನ ಕೊಯ್ಲು ಮುಗಿಸಿಕೊಂಡು ಹೋಗಿತ್ತು.

ಸಾರ್ವಜನಿಕ ಕಾರ್ಖಾನೆಗಳು ಈ ದೇಶದಲ್ಲಿ ಇರಲಿಲ್ಲವೆ? ಗುಂಡ್ಲುಪೇಟೆ, ಬಂಡೀಪುರ, ಊಟಿ ದಾಟಿದರೆ ಕೂನೂರು. ಅಲ್ಲಿ 1907ರಿಂದ ಪಾಶ್ಚರ್ ಸಂಸ್ಥೆ ಇದೆ. ಅದರ ಮತ್ತು ಕಸೌಲಿ, ಗಿಂಡಿಗಳ ಸರ್ಕಾರಿ ಲಸಿಕಾ ಘಟಕಗಳ ಪರವಾನಗಿಯನ್ನು 2008ರ ಜನವರಿಯಲ್ಲಿ ಅಮಾನತು ಮಾಡಿದರು. ಕೂಗು ಎದ್ದ ಮೇಲೆ 2010ರಲ್ಲಿ ಹಿಂದಿರುಗಿಸಿದರು. ಕಟ್ಟಡ ಹಳತಾಗಿದ್ದರೆ ದುರಸ್ತಿ ಮಾಡಬೇಕಿತ್ತು, ಬಾಗಿಲು ಹಾಕಬೇಕಿರಲಿಲ್ಲ. ಚೆಂಗಲ್ಪಟ್ಟಿನಲ್ಲಿ ನೂರಾರು ಕೋಟಿ ಸುರಿದು ಕಟ್ಟಿದ ಸರ್ಕಾರಿ ಲಸಿಕಾ ಸಂಕೀರ್ಣ 2021ರಲ್ಲಿ ದೇಶಕ್ಕೆ ದೇಶವೇ ಲಸಿಕೆಗಾಗಿ ಬಾಯಿಬಿಡುತ್ತಿದ್ದಾಗ ಕೆಲಸವಿಲ್ಲದೆ ನಿಂತಿತ್ತು. ಸರ್ಕಾರದ ಯಂತ್ರ ಸುಮ್ಮನಿತ್ತು, ಬಡವನ ಪಡಿತರದ ಮೇಲೆ ಮಾತ್ರ ಸರ್ಕಾರದ ಕೈ ಚುರುಕಾಗಿತ್ತು.

ಮತಪೆಟ್ಟಿಗೆಗೆ ಸಿಕ್ಕ ದಾರಿ

ಮನೆಮನೆಗೆ ಹೋಗಿ ಲಸಿಕೆ ಹಾಕಿರೆಂಬ ಕೇಳಿಕೆ ಆಗಲೇ ಬಂದಿತ್ತು. ಮುಂಬಯಿ ಹೈಕೋರ್ಟಿನಲ್ಲಿ ಕೇಂದ್ರ ಸರ್ಕಾರ ಸಾಧ್ಯವಿಲ್ಲವೆಂದಿತು. ಪೆಟ್ಟಿಗೆಯನ್ನು ಪದೇ ಪದೇ ತೆರೆದರೆ ಲಸಿಕೆ ಕೆಡುತ್ತದೆ, ಪ್ರಯಾಣದಲ್ಲಿ ಪೋಲಾಗುತ್ತದೆ, ಚುಚ್ಚಿದ ಮೇಲೆ ಅರ್ಧ ಗಂಟೆ ಕಾಯುವುದು ಕಷ್ಟ, ತೊಂದರೆಯಾದರೆ ಕೂಡಲೇ ಚಿಕಿತ್ಸೆ ದೊರೆಯದು ಎಂಬವು ಅದರ ಕಾರಣಗಳು. ಇವು ಸುಳ್ಳು ಕಾರಣಗಳಲ್ಲ. ಲಸಿಕೆಯನ್ನು ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿಡಬೇಕು. ಕೋವಿಶೀಲ್ಡಿನ ಒಂದು ಸೀಸೆಯಲ್ಲಿ ಹತ್ತು ಜನರ ಮದ್ದು. ಒಡೆದ ಸೀಸೆಯನ್ನು ನಾಲ್ಕು ಗಂಟೆಯೊಳಗೆ ಮುಗಿಸಬೇಕೆಂಬ ನಿಯಮವಿತ್ತು. ಆದರೆ ಇವೆಲ್ಲ ಬಗೆಹರಿಸಬೇಕಾದ ತೊಡಕುಗಳೇ ಹೊರತು ಕೈಚೆಲ್ಲಲು ನೆಪಗಳಲ್ಲ. ಕೇರಳ ಹಾಸಿಗೆ ಹಿಡಿದವರ ಮನೆಗೇ ಹೋಗಿ ಹಾಕಿತು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ ದಾದಿಯರು, ಆಶಾ ಕಾರ್ಯಕರ್ತೆಯರು ಮಂಜುಗಡ್ಡೆಯ ಪೆಟ್ಟಿಗೆ ಹೊತ್ತು ಹೋಗಿ, ಜನರ ಜೊತೆ ಕೂತು ಮಾತಾಡಿ ಒಪ್ಪಿಸಿದರು. ಕೊನೆಗೆ 2021ರ ಸೆಪ್ಟೆಂಬರಿನಲ್ಲಿ ಕೇಂದ್ರವೇ ನಡೆಯಲಾರದವರಿಗೆ ಮನೆಯಲ್ಲಿ ಹಾಕಲು ಒಪ್ಪಿತು. ನವೆಂಬರಿನಲ್ಲಿ ಮನೆಮನೆ ಬಾಗಿಲು ಬಡಿಯುವ ಅಭಿಯಾನವನ್ನೇ ಹೂಡಿತು. ಏಪ್ರಿಲಿನಲ್ಲಿ ಅಸಾಧ್ಯವಾದದ್ದು ನವೆಂಬರಿನಲ್ಲಿ ಸಾಧ್ಯವಾಯಿತು. ನಡುವಿನ ತಿಂಗಳುಗಳ ಹೆಣಗಳ ಲೆಕ್ಕ ಯಾರ ಖಾತೆಗೆ?

2023ರ ವಿಧಾನಸಭಾ ಚುನಾವಣೆಯಲ್ಲಿ ಎಂಬತ್ತು ದಾಟಿದವರ ಮನೆಗೇ ಅಧಿಕಾರಿಗಳು ಮತಪತ್ರ ಹಿಡಿದು ಬಂದರು. ನಮಗೆ ಸಂತೋಷವೇ. 2024ರ ಏಪ್ರಿಲ್ 26ರಂದು ರಸ್ತೆಯಿಲ್ಲದ ಇಂಡಿಗನತ್ತಕ್ಕೂ ಮತಯಂತ್ರ ಹೋಯಿತು. ಮತಯಂತ್ರಕ್ಕೆ ಸಿಗುವ ದಾರಿ ನಮಗೇಕೆ ಸಿಗದು ಎಂಬ ಜನರ ಸಿಟ್ಟು ಆ ದಿನ ಯಂತ್ರವನ್ನೇ ಒಡೆಯುವ ಮಟ್ಟಕ್ಕೆ ಹೋಯಿತು. ಯಂತ್ರ ಒಡೆಯುವುದನ್ನು ನಾವು ಸಮರ್ಥಿಸುವುದಿಲ್ಲ, ಸಿಟ್ಟಿನ ಕಾರಣವನ್ನು ಮಾತ್ರ ಅಲ್ಲಗಳೆಯಲಾರೆವು. ಮತ ಹಾಕಲು ಗಿರಣಿಯ ಕೂಲಿಗೆ ಕಾನೂನಿನಂತೆ ಸಂಬಳ ಸಹಿತ ರಜೆ ಉಂಟು. ಹೆತ್ತವ್ವನನ್ನು ಲಸಿಕೆಗೆ ಕರೆದೊಯ್ಯಲು ಇಲ್ಲ. ಕರೆದೊಯ್ಯುವ ದಿನ ಒಂದು ಕೂಲಿ, ಮಾರನೆಯ ದಿನ ಆಕೆಗೆ ಮೈಬಿಸಿಯಾದರೆ ಇನ್ನೊಂದು ಕೂಲಿ, ಎರಡು ಚುಚ್ಚಿಗೆ ನಾಲ್ಕು ಕೂಲಿ ಹೋಗುತ್ತದೆ. ಮತಕ್ಕೆ ಬೆಲೆಯುಂಟು, ಮತ ಹಾಕುವವಳ ಉಸಿರಿಗೆ ಬೆಲೆಯಿಲ್ಲವೆ?

ಸುಳ್ಳಿನ ವ್ಯಾಪಾರಿಗಳಿಗೂ ಒಂದು ಮಾತು

ಸರ್ಕಾರವನ್ನು ಬೈಯುತ್ತೇವೆಂದು ಲಸಿಕೆಯನ್ನು ಬೈಯುವವರ ಸಾಲಿನಲ್ಲಿ ನಮ್ಮನ್ನು ಯಾರೂ ನಿಲ್ಲಿಸಬೇಡಿ. 2025ರ ಜುಲೈ 1ರಂದು, ಹಾಸನದ ಹೃದಯಾಘಾತಗಳ ಸುದ್ದಿ ಊರೆಲ್ಲ ಹಬ್ಬಿದ್ದಾಗ, ಅವಸರದಲ್ಲಿ ಲಸಿಕೆಗೆ ಒಪ್ಪಿಗೆ ಕೊಟ್ಟದ್ದೂ ಕಾರಣವಿರಬಹುದೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಹೇಳಿಬಿಟ್ಟರು. ಅವರದೇ ಸರ್ಕಾರ ನೇಮಿಸಿದ, ಜಯದೇವ ಸಂಸ್ಥೆಯ ನಿರ್ದೇಶಕರ ಮುಂದಾಳುತನದ ತಜ್ಞರ ಸಮಿತಿ ಅಂಥ ನೇರ ಸಂಬಂಧ ಕಾಣಲಿಲ್ಲ ಎಂದಿತು. ಮುಖ್ಯಮಂತ್ರಿಯ ಮಾತು ಹಳ್ಳಿಯ ಜಗಲಿಯವರೆಗೆ ಹೋಗುತ್ತದೆ. ಸಮಿತಿಯ ವರದಿ ಬೆಂಗಳೂರಿನ ಕಪಾಟು ದಾಟುವುದಿಲ್ಲ. ದೊಡ್ಡ ಕುರ್ಚಿಯಲ್ಲಿರುವವರು ನಾಲಗೆಯನ್ನು ಎಚ್ಚರದಿಂದ ಬಳಸಬೇಕು.

ಕೋವಿಶೀಲ್ಡಿನಿಂದ ರಕ್ತ ಹೆಪ್ಪುಗಟ್ಟುವ ತೊಂದರೆ ಉಂಟೆಂಬುದೂ ಸುಳ್ಳಲ್ಲ. ಅದು ಬಲು ಅಪರೂಪ, ವೃದ್ಧರಿಗಿಂತ ಕಿರಿಯ ವಯಸ್ಸಿನವರಲ್ಲಿ ಹೆಚ್ಚಾಗಿ ಕಂಡದ್ದು. ಕೊರೋನಾ ಕಾಯಿಲೆಯೋ ವೃದ್ಧರನ್ನೇ ಆರಿಸಿ ಕೊಂದಿತು. ತಕ್ಕಡಿಯ ಎರಡೂ ತಟ್ಟೆ ತೋರಿಸಿ ಜನರಿಗೆ ಹೇಳಿದರೆ ಜನಕ್ಕೆ ಅರ್ಥವಾಗುತ್ತದೆ. ವ್ಯಾಪಾರಿಗಳಿಗೆ ತಕ್ಕಡಿಯ ಭಾಷೆ ಹೊಸದಲ್ಲ. ಆದರೆ ಲಸಿಕೆಯಿಂದ ಸಾವಾಯಿತೆಂದರೆ ತಾನು ಹೊಣೆಯಲ್ಲ, ಬೇಕಾದವರು ಕೋರ್ಟಿಗೆ ಹೋಗಲಿ ಎಂಬ ನಿಲುವನ್ನು ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದಿಟ್ಟಿತು. ಹೊಣೆ ಹೊರಲಾರದವನ ಮಾತನ್ನು ಯಾರು ನಂಬುತ್ತಾರೆ?

ಏನಾಗಬೇಕು

ಮುಂದಿನ ಕಾಯಿಲೆಗೆ ಕಾಯದೆ ಈಗಲೇ ಆಗಬೇಕಾದದ್ದನ್ನು ನಾವು ಕೇಳುತ್ತೇವೆ.

1. ಪ್ರತಿ ಪಂಚಾಯಿತಿ, ಪ್ರತಿ ವಾರ್ಡಿನಲ್ಲಿ ಅರವತ್ತು ದಾಟಿದವರ ಪಟ್ಟಿ ಸಿದ್ಧವಿರಬೇಕು. ನಡೆದು ಬರಬಲ್ಲವರು, ಗಾಡಿ ಬೇಕಾದವರು, ಹಾಸಿಗೆ ಬಿಟ್ಟು ಏಳಲಾರದವರು ಎಂದು ಮೂರು ಭಾಗ. ಮೊದಲನೆಯವರಿಗೆ ಊರ ಶಾಲೆಯಲ್ಲಿ, ಎರಡನೆಯವರಿಗೆ ಸರ್ಕಾರದ ಗಾಡಿಯಲ್ಲಿ ಕರೆತಂದು, ಮೂರನೆಯವರಿಗೆ ಮನೆಯಲ್ಲಿ.

2. ಲಸಿಕೆಯ ತಂಡದ ಜೊತೆ ಅಲರ್ಜಿಗೆ ಕೊಡುವ ಅಡ್ರಿನಲಿನ್ ಮದ್ದು, ಅದನ್ನು ಬಲ್ಲವರು, ಒಂದು ಆಂಬುಲೆನ್ಸ್ ಇರಲೇಬೇಕು. ಅರ್ಧ ಗಂಟೆ ಕಾಯದೆ ತಂಡ ಹೊರಡಬಾರದು.

3. ವೃದ್ಧರ ಜೊತೆ ಹೋಗುವ ದುಡಿಮೆಗಾರನಿಗೆ, ಮತದಾನದ ದಿನದಂತೆ, ಸಂಬಳ ಸಹಿತ ರಜೆ.

4. ಸಾಂಕ್ರಾಮಿಕದ ಲಸಿಕೆ ಎಲ್ಲ ವಯಸ್ಸಿನವರಿಗೂ ಬಿಟ್ಟಿ; ಅದನ್ನು ತಯಾರಿಸುವ ಸಾರ್ವಜನಿಕ ಕಾರ್ಖಾನೆಗಳಿಗೆ ಹಣ, ಕೆಲಸ ಎರಡೂ.

5. ಲಸಿಕೆಯಿಂದ ಹಾನಿಯಾದರೆ ಬಡವನನ್ನು ಕೋರ್ಟಿಗೆ ಅಲೆಸದೆ ಪರಿಹಾರ.

6. ಕೊರೋನಾ ಕಾಲದ ಹೆಚ್ಚಿನ ದುಡಿಮೆಗೆ ಕೇಂದ್ರ ತಿಂಗಳಿಗೆ ಒಂದು ಸಾವಿರ ರೂಪಾಯಿ ಕೊಟ್ಟು ಕೈತೊಳೆದುಕೊಂಡ ಆಶಾ ಕಾರ್ಯಕರ್ತೆಯರಿಗೆ ನೌಕರರ ಸ್ಥಾನ, ನೌಕರರ ಸಂಬಳ.

7. ಪಡಿತರ, ಪಿಂಚಣಿಗಳನ್ನು ಯಾವ ಕಾರಣಕ್ಕೂ ಲಸಿಕೆಗೆ ಒತ್ತೆ ಇಡಬಾರದು. ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದು ಹೇಳಿದೆ. ಕಚೇರಿಗಳು ಅದನ್ನು ಗೋಡೆಗೆ ಅಂಟಿಸಿಕೊಳ್ಳಲಿ.

ಸರ್ಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ಸೀಸೆಯಲ್ಲಿ ಹತ್ತು ಜನರ ಮದ್ದಿದ್ದರೆ ಕೇರಿಯಲ್ಲಿ ಹತ್ತು ವೃದ್ಧರ ಪಟ್ಟಿಯನ್ನು ನಾವೇ ಮಾಡಿ ಆಶಾ ಅಕ್ಕನ ಕೈಗೆ ಕೊಡಬಹುದು. ಆಗ ಪೋಲಾಗುತ್ತದೆಂಬ ನೆಪ ಉಳಿಯುವುದಿಲ್ಲ. ಗಿರಣಿಯ ಸಂಘ ಸರದಿಯ ಮೇಲೆ ಇಬ್ಬರನ್ನು ಬಿಡಿಸಿಕೊಡಬಹುದು. ಸರಕಿನ ಆಟೋ ಇರುವ ವ್ಯಾಪಾರಿ ತನ್ನ ಬೀದಿಯ ಅಜ್ಜಿಯರನ್ನು ಸಂತೆಯಿಲ್ಲದ ದಿನ ಬೆಳಿಗ್ಗೆ, ಜನಸಂದಣಿ ಸೇರುವ ಮುಂಚೆ ಕರೆದೊಯ್ಯಬಹುದು. ಕರೆದೊಯ್ಯುವಾಗ ಇಷ್ಟು ನೆನಪಿರಲಿ: ಹೊಟ್ಟೆಗೆ ಏನಾದರೂ ತಿಂದಿರಲಿ, ದಿನದ ಮಾತ್ರೆಗಳ ಚೀಟಿ ಜೊತೆಯಲ್ಲಿರಲಿ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಹಿಂದೆ ಯಾವುದಾದರೂ ಮದ್ದಿಗೆ ಮೈ ಊದಿದ್ದರೆ ಚುಚ್ಚುವ ಮೊದಲೇ ದಾದಿಗೆ ಹೇಳಿ. ಮೈಯಲ್ಲಿ ಜ್ವರವಿದ್ದರೆ ವೈದ್ಯರನ್ನು ಕೇಳಿ ದಿನ ಮುಂದೂಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವೆಯೆಂದು ಹಿಂಜರಿಯಬೇಡಿ. ಅವರಿಗೇ ಲಸಿಕೆ ಮೊದಲು ಬೇಕು. ಅರ್ಧ ಗಂಟೆ ಅಲ್ಲಿಯೇ ಗಾಳಿಯಾಡುವ ಕಡೆ ಕೂರಿಸಿ. ಒಂದೆರಡು ದಿನ ಮೈಕೈ ನೋವು, ಸಣ್ಣ ಜ್ವರ ಸಹಜ. ಉಸಿರು ಕಟ್ಟಿದರೆ, ಮುಖ ಊದಿದರೆ, ಎದೆನೋವು ಬಂದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೊರಡಿ.

ಇಷ್ಟನ್ನು ಪ್ರೀತಿಯಿಂದ ಹೇಳುವ ಒಬ್ಬರು ಮನೆಯ ಬಾಗಿಲಿಗೆ ಬಂದಿದ್ದರೆ ನಮ್ಮ ಅಜ್ಜಿಯರು ಮತ್ತೊಮ್ಮೆ ತೋಳು ಕೊಡುತ್ತಿದ್ದರು. ಅದನ್ನು ಬಿಟ್ಟು ಪಡಿತರ ಕಿತ್ತುಕೊಳ್ಳುತ್ತೇವೆಂದರು. ಈ ಮೂರು ತಾಲ್ಲೂಕುಗಳ ನೆಲದಲ್ಲಿ ಇನ್ನೊಂದು ಸಲ ಅಂಥ ಮಾತು ಕೇಳಿಬಂದರೆ, ಗಿರಣಿಯ ಗೇಟಿನಿಂದಲೂ ಅಂಗಡಿಯ ಬೀದಿಯಿಂದಲೂ ಒಂದೇ ಉತ್ತರ ಹೋಗಲಿ: ಅಕ್ಕಿಯ ಮೇಲಿನ ಕೈ ತೆಗೆಯಿರಿ, ಮದ್ದಿನ ಪೆಟ್ಟಿಗೆ ಹೊತ್ತು ನಮ್ಮ ಬಾಗಿಲಿಗೆ ಬನ್ನಿ.